ಸೋತ ಹಡಗಿನ ನಾಲ್ಕು ಚಿತ್ರಗಳು

ಚಿತ್ರವೊಂದರ ಬಗ್ಗೆ ಬಾನುಲಿಯಲ್ಲಿ ಮಾತನಾಡುವಾಗ ಅದನ್ನು ಮೊದಲು ಮಾತಿನಲ್ಲೇ ಬಿಡಿಸಿ ತೋರಿಸಬೇಕಾಗುತ್ತದೆ. ಒಂದು ಹಡಗನ್ನು ಕಣ್ಣಮುಂದೆ ತಂದುಕೊಳ್ಳಿ. ಅದರ ಮೂರು ಕೂವೆಮರಗಳೂ ಮುರಿದು ಬಿದ್ದಿವೆ, ಬರೀ ಮೋಟುಗಳು ಉಳಿದಿವೆ. ಆಕಾಶದೆತ್ತರ ಹಾಯಿಗಳನ್ನು ಹೊತ್ತಿದ್ದ ಹಡಗು ಈಗ ಎಲ್ಲೋ ಸಿಕ್ಕಿಸಿದ ಒಂದು ತುಂಡು ಬಟ್ಟೆಯ ಬಲದಿಂದ ಮೈ ತಿರುಗಿಸಲು ಹೆಣಗುತ್ತಿದೆ. ಅದರ ಮೂತಿಗೆ ಅಡ್ಡಲಾಗಿ ಇನ್ನೊಂದು ಹಡಗು ನಿಧಾನವಾಗಿ ಹಾದುಹೋಗುತ್ತಿದೆ. ಅದರ ಕೂವೆಮರಗಳೆಲ್ಲ ನೆಟ್ಟಗಿವೆ, ಒಂದು ಪಕ್ಕದ ತೋಪುಗಳೆಲ್ಲ ಗುರಿ ಹಿಡಿದಿವೆ. ಮೋಟಾದ ಹಡಗು ಬ್ರಿಟಿಷ್ ನೌಕಾದಳದ ‘ಜಾವಾ’. ನೆಟ್ಟಗಿರುವುದು ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’. ನಾಲ್ಕು ಚಿತ್ರಗಳ ಸರಣಿಯಲ್ಲಿ ಇದು ಮೂರನೆಯದು. ಮೊದಲೆರಡರಲ್ಲಿ ಕಾಳಗ ನಡೆಯುತ್ತಿದೆ, ನಾಲ್ಕನೆಯದರಲ್ಲಿ ಜಾವಾ ಬೆಂಕಿ ಹತ್ತಿ ಸಿಡಿಯುತ್ತಿದೆ. ಇವು ಅಚ್ಚಾದದ್ದು 1814ರಲ್ಲಿ, ಲಂಡನ್ನಿನಲ್ಲಿ. ಅಂದರೆ ಸೋತ ದೇಶದ ರಾಜಧಾನಿಯಲ್ಲಿ, ಸೋತ ದೇಶದ ಕಲಾವಿದನ ಕೈಯಿಂದ, ಸೋತ ಹಡಗಿನಲ್ಲೇ ಇದ್ದ ಒಬ್ಬ ಅಧಿಕಾರಿಯ ನಕಾಶೆಯನ್ನು ನೋಡಿ. ತಮ್ಮ ಸೋಲನ್ನು ತಾವೇ ನಾಲ್ಕು ಹಾಳೆಗಳಲ್ಲಿ ಅಚ್ಚು ಹಾಕಿ ಮಾರುವುದೇಕೆ ಎನ್ನುವುದೇ ಈ ಭಾಷಣದ ಪ್ರಶ್ನೆ. ಈ ಚಿತ್ರಗಳು ಕಾಳಗದ ನೋಟವಲ್ಲ, ಕಾಳಗದ ಬಗ್ಗೆ ಕೊಟ್ಟ ಸಾಕ್ಷ್ಯ ಎಂಬುದು ನನ್ನ ವಾದ. ಸಾಕ್ಷಿಯ ಮಾತನ್ನು ಕೇಳುವ ರೀತಿಯಲ್ಲೇ, ಪಾಟೀಸವಾಲು ಹಾಕುತ್ತಲೇ, ಇವನ್ನು ನೋಡಬೇಕು.

ಮೊದಲು ನಡೆದದ್ದೇನು ಎಂಬುದನ್ನು ಹೇಳಿಬಿಡುತ್ತೇನೆ. ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿದ್ದು 1812ರ ಜೂನ್‌ನಲ್ಲಿ. ಆಗ ಬ್ರಿಟಿಷ್ ನೌಕಾದಳಕ್ಕೆ ಸರಿಸಮಾನವಾದದ್ದು ಜಗತ್ತಿನಲ್ಲಿ ಇರಲಿಲ್ಲ. ಟ್ರಫಾಲ್ಗರ್ ಗೆಲುವಿಗೆ ಆಗಿನ್ನೂ ಏಳೇ ವರ್ಷ. ಅಮೆರಿಕದ ಕೈಯಲ್ಲಿದ್ದ ಯುದ್ಧನೌಕೆಗಳು ಬೆರಳೆಣಿಕೆಯಷ್ಟು. ಆದರೂ ಆಗಸ್ಟ್ 19ರಂದು ‘ಗೆರಿಯೆರ್’, ಅಕ್ಟೋಬರ್ 25ರಂದು ‘ಮ್ಯಾಸಿಡೋನಿಯನ್’, ಡಿಸೆಂಬರ್ 29ರಂದು ‘ಜಾವಾ’, ಹೀಗೆ ಐದು ತಿಂಗಳೊಳಗೆ ಮೂರು ಬ್ರಿಟಿಷ್ ಫ್ರಿಗೇಟುಗಳು ಒಂಟಿ ಕಾಳಗದಲ್ಲಿ ಅಮೆರಿಕದ ಹಡಗುಗಳಿಗೆ ಸೋತು ಶರಣಾದವು. ಫ್ರಿಗೇಟ್ ಎಂದರೆ ದೊಡ್ಡ ದಂಡಿನ ಹಡಗಿಗಿಂತ ಚಿಕ್ಕದು, ಹಗುರ, ವೇಗದ್ದು. ಒಂಟಿಯಾಗಿ ದೂರ ಹೋಗಿ ಕೆಲಸ ಮುಗಿಸಿ ಬರುವಂಥದು. ಜಾವಾ ಮೂಲತಃ ಫ್ರೆಂಚರು ಕಟ್ಟಿದ ಹಡಗು. 1811ರಲ್ಲಿ ಮಡಗಾಸ್ಕರ್ ಬಳಿ ಬ್ರಿಟಿಷರು ಅದನ್ನು ಹಿಡಿದು, ಹೆಸರು ಬದಲಿಸಿ ತಮ್ಮ ದಳಕ್ಕೆ ಸೇರಿಸಿಕೊಂಡಿದ್ದರು. 1812ರ ಕೊನೆಯಲ್ಲಿ ಅದು ಇಂಗ್ಲೆಂಡಿನಿಂದ ಮುಂಬಯಿಗೆ ಹೊರಟಿತ್ತು. ಮುಂಬಯಿಗೆ ಹೊರಟದ್ದು ಬ್ರೆಜಿಲ್ ಕರಾವಳಿಯಲ್ಲಿ ಏಕಿತ್ತು ಎಂದು ಕೇಳಬಹುದು. ಹಾಯಿಹಡಗಿನ ದಾರಿಯನ್ನು ನಿರ್ಧರಿಸುವುದು ಗಾಳಿ. ಅಟ್ಲಾಂಟಿಕ್ ಗಾಳಿಯನ್ನು ಹಿಡಿದು ದಕ್ಷಿಣ ಅಮೆರಿಕದ ಕಡೆಗೆ ಬಾಗಿ, ಅಲ್ಲಿಂದ ಗುಡ್‌ಹೋಪ್ ಭೂಶಿರ ಸುತ್ತಿ ಬರುವುದೇ ಆಗ ಭಾರತಕ್ಕೆ ಸಲೀಸಾದ ಹಾದಿ. ಆ ಹಾದಿಯಲ್ಲಿ, ಬಾಹಿಯಾದ ಸಾಲ್ವಡಾರ್ ಬಂದರಿನ ಹೊರಗಿನ ಸಮುದ್ರದಲ್ಲಿ, ಕಾನ್‌ಸ್ಟಿಟ್ಯೂಷನ್ ಅದಕ್ಕೆ ಎದುರಾಯಿತು.

ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಗುಂಡು ಹಾರಲು ತೊಡಗಿತು. ಕಾಳಗದ ಆರಂಭದಲ್ಲೇ ಕಾನ್‌ಸ್ಟಿಟ್ಯೂಷನ್ನಿನ ಚುಕ್ಕಾಣಿಯ ಚಕ್ರ ಚೂರುಚೂರಾಯಿತು. ಅದರ ನಾಯಕ ವಿಲಿಯಂ ಬೈನ್‌ಬ್ರಿಜ್ ಎರಡು ಸಲ ಗಾಯಗೊಂಡ. ಜಾವಾ ವೇಗದಲ್ಲಿ ಮುಂದಿತ್ತು, ಚುರುಕಾಗಿ ತಿರುಗುತ್ತಿತ್ತು. ಆದರೆ ಮೂರು ಗಂಟೆ ದಾಟಿ ಐದು ನಿಮಿಷಕ್ಕೆ ಅದರ ಮುಂದಿನ ಕೂವೆಮರ ಉರುಳಿತು, ನಾಲ್ಕಕ್ಕೆ ಐದು ನಿಮಿಷವಿರುವಾಗ ಹಿಂದಿನದು. ಬೈನ್‌ಬ್ರಿಜ್ ಬರೆದಿಟ್ಟ ಲೆಕ್ಕವಿದು. ಜಾವಾದ ನಾಯಕ ಹೆನ್ರಿ ಲ್ಯಾಂಬರ್ಟ್‌ನ ಎದೆಗೆ ಗುಂಡು ಬಿತ್ತು. ಆರು ದಿನಗಳ ನಂತರ, 1813ರ ಜನವರಿ 4ರಂದು, ಸಾಲ್ವಡಾರ್‌ನಲ್ಲಿ ಆತ ತೀರಿಕೊಂಡ. ಅಧಿಕಾರ ವಹಿಸಿಕೊಂಡ ಲೆಫ್ಟಿನೆಂಟ್ ಹೆನ್ರಿ ಡ್ಯೂಸಿ ಚಾಡ್ಸ್ ಸಂಜೆಯವರೆಗೂ ಕಾದಾಡಿ, ಕೊನೆಗೆ ಬಾವುಟ ಇಳಿಸಿದ. ಜಾವಾ ಎಷ್ಟು ಜಜ್ಜಿಹೋಗಿತ್ತೆಂದರೆ ಅದನ್ನು ಅಮೆರಿಕದವರೆಗೆ ಎಳೆದೊಯ್ಯುವ ಮಾತೇ ಇರಲಿಲ್ಲ. ಡಿಸೆಂಬರ್ 31ರಂದು, ಉಳಿದವರನ್ನು ಇಳಿಸಿಕೊಂಡು, ಹಡಗಿಗೆ ಬೆಂಕಿ ಇಟ್ಟರು.

ಇನ್ನು ಚಿತ್ರದ ಕಡೆಗೆ ಬರೋಣ. ಬರೆದವನು ನಿಕೊಲಸ್ ಪೊಕಾಕ್. ನಕಾಶೆ ಒದಗಿಸಿದವನು ಜಾವಾದ ಲೆಫ್ಟಿನೆಂಟ್ ಬುಕಾನನ್. ತಾಮ್ರದ ತಗಡಿನ ಮೇಲೆ ಕೆತ್ತಿದವರು ಹ್ಯಾವೆಲ್ ಮನೆತನದವರು. ಅಕ್ವಾಟಿಂಟ್ ಎಂಬ ಈ ಅಚ್ಚಿನ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಯ ಮಾಡಿದ ತಾಮ್ರದ ತಗಡಿನ ಮೇಲೆ ರಾಳದ ಹುಡಿಯನ್ನು ಸಣ್ಣಗೆ ಉದುರಿಸಿ, ಕೆಳಗಿನಿಂದ ಬಿಸಿ ಮಾಡುತ್ತಾರೆ. ರಾಳದ ಕಣಗಳು ಕರಗಿ ತಗಡಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಆಮ್ಲದಲ್ಲಿ ಅದ್ದಿದರೆ, ಕಣಗಳ ನಡುವಿನ ಬತ್ತಲೆ ತಾಮ್ರವನ್ನು ಮಾತ್ರ ಆಮ್ಲ ಕೊರೆಯುತ್ತದೆ. ತಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಬೇಗ ವಾರ್ನಿಷ್ ಬಳಿದು ಮುಚ್ಚುತ್ತಾರೆ, ಕಪ್ಪಾಗಬೇಕಾದುದನ್ನು ಮತ್ತೆ ಮತ್ತೆ ಅದ್ದುತ್ತಾರೆ. ಗೆರೆಯಿಂದ ಮೂಡಿಸಲಾಗದ ಹೊಗೆ, ಮೋಡ, ಸಂಜೆಯ ಬೆಳಕು, ಅಲೆಯ ಬೆನ್ನಿನ ಮಬ್ಬು ಇವೆಲ್ಲ ಇದರಲ್ಲಿ ಬಲು ಚೆನ್ನಾಗಿ ಮೂಡುತ್ತವೆ. ಅಚ್ಚಾದ ಹಾಳೆಗೆ ಕೈಯಿಂದ ಬಣ್ಣ ತುಂಬುವುದೂ ಇತ್ತು. ಮದ್ದಿನ ಹೊಗೆಯಲ್ಲಿ ಅರ್ಧ ಮುಳುಗಿದ ಹಡಗನ್ನು ತೋರಿಸಲು ಆ ಕಾಲಕ್ಕೆ ಇದಕ್ಕಿಂತ ತಕ್ಕ ಉಪಾಯ ಇನ್ನೊಂದಿರಲಿಲ್ಲ. ಆದರೆ ಕಣ್ಣು ಹೊಗೆಯಲ್ಲೇ ನಿಲ್ಲಬಾರದು. ಚಿತ್ರದ ಕೆಳಗೆ ಕೊರೆದ ಅಕ್ಷರಗಳೂ ಚಿತ್ರದ ಭಾಗವೇ. ಪೊಕಾಕ್ ಸರಣಿಯ ಅಡಿಬರಹಗಳು ‘ಘೋರ ಕಾಳಗ’ ಎಂದು ಹೇಳಿ ಸುಮ್ಮನಾಗುವುದಿಲ್ಲ. ಎಷ್ಟು ಗಂಟೆಗೆ, ಯಾವ ಹಡಗು ಯಾವ ಸ್ಥಿತಿಯಲ್ಲಿತ್ತು, ಏನು ಮಾಡಲು ಹೊರಟಿತ್ತು ಎಂಬುದನ್ನು ನಿಮಿಷದ ಲೆಕ್ಕದಲ್ಲಿ ಬರೆದಿವೆ. ಓದಿದರೆ ಹೇಳಿಕೆ ದಾಖಲಿಸಿದ ಕಾಗದದಂತಿರುತ್ತದೆ.

ಇದೇ ನನ್ನ ಮೊದಲ ಆಧಾರ. ಎರಡನೆಯದು, ಆರಿಸಿಕೊಂಡ ಕ್ಷಣ. ಬಾವುಟ ಇಳಿದ ಕ್ಷಣವನ್ನು ಮೂರನೆಯ ಚಿತ್ರ ತೋರಿಸುವುದಿಲ್ಲ, ಅದಕ್ಕೆ ಮುಂಚಿನ ಕ್ಷಣವನ್ನು ತೋರಿಸುತ್ತದೆ. ಕೂವೆಮರವಿಲ್ಲದ ಹಡಗು ತಿರುಗಲು ಹೆಣಗುತ್ತಿರುವುದೇಕೆಂದರೆ ಅದರ ತೋಪುಗಳೆಲ್ಲ ಪಕ್ಕಗಳಲ್ಲಿವೆ. ಪಕ್ಕವನ್ನು ಶತ್ರುವಿನತ್ತ ತಿರುಗಿಸದೆ ಹೊಡೆಯುವಂತಿಲ್ಲ. ಅತ್ತ ಎದುರಾಳಿ ಮೂತಿಗೆ ಅಡ್ಡ ಬಂದಿದ್ದಾನೆ. ಅಲ್ಲಿಂದ ಹಾರಿಸಿದ ಗುಂಡು ಹಡಗಿನ ಮೂತಿಯಿಂದ ಬಾಲದವರೆಗೆ ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ, ಮರುಹೊಡೆತಕ್ಕೆ ಇತ್ತ ಒಂದೆರಡು ತೋಪುಗಳೂ ಒದಗುವುದಿಲ್ಲ. ಸಮುದ್ರ ಬಲ್ಲ ಯಾವನೇ ಆಗಲಿ ಈ ಹಾಳೆಯನ್ನು ನೋಡಿದ ಕೂಡಲೇ ಇನ್ನು ಕಾದುವುದೆಂದರೆ ಸುಮ್ಮನೆ ಸಾಯುವುದು ಎಂದು ತಿಳಿದುಕೊಳ್ಳುತ್ತಾನೆ. ಚಿತ್ರ ಹೇಳಬಯಸಿದ್ದೂ ಅದನ್ನೇ: ಸೋತದ್ದು ಮರ ಮತ್ತು ಹಗ್ಗ, ಮನುಷ್ಯರಲ್ಲ. ಮೂರನೆಯ ಆಧಾರ ನಾಲ್ಕನೆಯ ಹಾಳೆಯಲ್ಲಿದೆ. ಜಾವಾ ಉರಿಯುತ್ತಿರುವಾಗ ದೂರದಲ್ಲಿ ಕಾನ್‌ಸ್ಟಿಟ್ಯೂಷನ್ ನಿಂತಿದೆ. ಗೆದ್ದ ಹಡಗು ಠೀವಿಯಿಂದ ಸಾಗುತ್ತಿಲ್ಲ, ಹಾಯಿ ಬಿಚ್ಚಿ ಹಗ್ಗ ರಿಪೇರಿ ಮಾಡಿಕೊಳ್ಳುತ್ತಿದೆ. ನಾವು ಸುಮ್ಮನೆ ಸೋಲಲಿಲ್ಲ, ಪೆಟ್ಟು ಕೊಟ್ಟೇ ಸೋತೆವು ಎಂಬ ಮಾತನ್ನು ಆ ದೂರದ ಪುಟ್ಟ ಹಡಗಿನ ಮೇಲೆ ಬರೆದಿಟ್ಟಿದ್ದಾರೆ. ಅದು ಸುಳ್ಳೂ ಅಲ್ಲ. ಗೆದ್ದವರು ತಮ್ಮ ಚೂರಾದ ಚುಕ್ಕಾಣಿ ಚಕ್ರದ ಜಾಗಕ್ಕೆ ಜಾವಾದ ಚಕ್ರವನ್ನೇ ಕಿತ್ತು ಹಾಕಿಕೊಂಡರು.

ಇಂಥ ಹೇಳಿಕೆ ಯಾರ ಮುಂದೆ ಬೇಕಿತ್ತು? ನ್ಯಾಯಾಲಯದ ಮುಂದಂತೂ ಅಲ್ಲ. ಹಡಗು ಕಳೆದುಕೊಂಡ ಅಧಿಕಾರಿಯನ್ನು ಸೈನಿಕ ನ್ಯಾಯಾಲಯ ವಿಚಾರಿಸುವುದು ಆಗ ಬ್ರಿಟಿಷ್ ನೌಕಾದಳದ ಕಡ್ಡಾಯ ಪದ್ಧತಿಯಾಗಿತ್ತು. 1813ರ ಏಪ್ರಿಲ್‌ನಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಚಾಡ್ಸ್ ಮತ್ತು ಸಂಗಡಿಗರ ವಿಚಾರಣೆ ನಡೆದು, ಗೌರವದಿಂದಲೇ ದೋಷಮುಕ್ತರಾದರು. ಚಿತ್ರಗಳು ಬಂದದ್ದು ಅದರ ಮರುವರ್ಷ. ಅಂದರೆ ತೀರ್ಪು ಹೊರಬಿದ್ದ ಮೇಲೂ ಜನರ ಮನಸ್ಸಿನ ಕಟಕಟೆಯಲ್ಲಿ ಮೊಕದ್ದಮೆ ಮುಗಿದಿರಲಿಲ್ಲ. ಮೂರು ಸೋಲುಗಳ ನಾಚಿಕೆ ಆ ದೇಶವನ್ನು ಎಷ್ಟು ಕಾಡಿತ್ತೆಂದರೆ, ಅಮೆರಿಕದ ದೊಡ್ಡ ಫ್ರಿಗೇಟುಗಳ ಮೇಲೆ ಒಂಟಿಯಾಗಿ ಬೀಳಬೇಡಿ ಎಂದು ನೌಕಾ ಆಡಳಿತವೇ 1813ರ ಜುಲೈನಲ್ಲಿ ಗುಟ್ಟಾಗಿ ಆಜ್ಞೆ ಹೊರಡಿಸಿತು. ಗೆದ್ದವರ ಚಿತ್ರ ಬೇರೆ ಬಗೆಯದು. 1813ರ ಜೂನ್ 1ರಂದು ‘ಶ್ಯಾನನ್’ ಹಡಗು ಅಮೆರಿಕದ ‘ಚೆಸಪೀಕ್’ ಅನ್ನು ಕಾಲು ಗಂಟೆಯೊಳಗೆ ಹಿಡಿದಾಗ ಲಂಡನ್ನಿನ ಅಂಗಡಿಗಳಲ್ಲಿ ತುಂಬಿದ ಚಿತ್ರಗಳಿಗೆ ಸಮರ್ಥನೆಯ ಅಗತ್ಯವಿರಲಿಲ್ಲ, ಸಂಭ್ರಮ ಸಾಕಾಗಿತ್ತು. ಸೋತವನಿಗಾದರೆ ಗಂಟೆ, ನಿಮಿಷ, ಸ್ಥಾನ, ಕಾರಣ ಎಲ್ಲ ಬೇಕು. ಕನ್ನಡಿಗರಿಗೆ ಇದು ಅರ್ಥವಾಗದ ಸಂಗತಿಯಲ್ಲ. ನಮ್ಮ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು ಗೆದ್ದು ಮನೆಗೆ ಬಂದವರವಲ್ಲ, ಕಾದಿ ಮಡಿದವರವು. ಅಲ್ಲೂ ಕತೆ ಪಟ್ಟಿಕೆ ಪಟ್ಟಿಕೆಯಾಗಿ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಮುಂಬಯಿಯ ಏಕ್ಸಾರ್‌ನ ವೀರಗಲ್ಲುಗಳಲ್ಲಂತೂ ಸಾಲು ಹುಟ್ಟುಗಳ ಹಡಗುಗಳು ಕಾದುತ್ತಿರುವುದನ್ನೇ ಕೆತ್ತಿದ್ದಾರೆ. ವ್ಯತ್ಯಾಸವೊಂದುಂಟು. ವೀರಗಲ್ಲಿನ ಮೇಲಿನ ಪಟ್ಟಿಕೆಯಲ್ಲಿ ಮಡಿದವನಿಗೆ ಸ್ವರ್ಗ ಸಿಗುತ್ತದೆ. ಪೊಕಾಕ್‌ನ ಕೊನೆಯ ಹಾಳೆಯಲ್ಲಿ ಉಳಿಯುವುದು ಬೆಂಕಿ ಮಾತ್ರ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಒಂದು ಕಡೆಯವರ ವಕಾಲತ್ತು ಎಂದು ನೀವೇ ಒಪ್ಪಿಕೊಂಡ ಮೇಲೆ ಅದನ್ನು ಇತಿಹಾಸಕ್ಕೆ ಆಧಾರವೆಂದು ಹೇಗೆ ನಂಬುವುದು? ಪಕ್ಷಪಾತಿಯಾದ ಸಾಕ್ಷಿಯನ್ನು ಕಟಕಟೆಯಿಂದ ಇಳಿಸಿ ಕಳುಹಿಸುವುದಾದರೆ ಈ ಕಾಳಗಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಬರಹದ ದಾಖಲೆಗಳೇನೂ ಶುದ್ಧವಲ್ಲ. ಜಾವಾದ ಕಡೆ ಸತ್ತವರು 22, ಗಾಯಗೊಂಡವರು 102 ಎಂದು ಚಾಡ್ಸ್ ವರದಿ ಮಾಡಿದ. ಸತ್ತವರು 60 ಎಂದು ಬೈನ್‌ಬ್ರಿಜ್ ಬರೆದ. ಬೈನ್‌ಬ್ರಿಜ್‌ನ ಪ್ರಕಾರ ಶತ್ರುವಿನ ಮೂತಿಗೆ ಅಡ್ಡ ಬಂದು ಶರಣಾಗತಿ ಪಡೆದದ್ದು 5 ಗಂಟೆ 25 ನಿಮಿಷಕ್ಕೆ. ಬಾವುಟ ಇಳಿಸಿದ್ದು 5 ಗಂಟೆ 50 ನಿಮಿಷಕ್ಕೆ ಎಂಬುದು ಚಾಡ್ಸ್‌ನ ಲೆಕ್ಕ. ಪ್ರತಿ ಹಡಗೂ ನಡುಹಗಲಿನ ಸೂರ್ಯನನ್ನು ನೋಡಿ ತನ್ನ ಗಡಿಯಾರವನ್ನು ತಾನೇ ತಿದ್ದಿಕೊಳ್ಳುತ್ತಿದ್ದ ಕಾಲದಲ್ಲಿ ವೇಳೆಯ ಅಂತರ ಸಹಜ. ಸತ್ತವರ ಲೆಕ್ಕದ ಅಂತರ ಮಾತ್ರ ಗಡಿಯಾರದ ತಪ್ಪಲ್ಲ. ಆದರೆ ಈ ಎರಡು ವೈರಿ ಕಾಗದಗಳೂ, ಚಿತ್ರವೂ ಒಂದೇ ಮಾತು ಹೇಳುವ ಜಾಗವೊಂದಿದೆ: ಕೂವೆಮರಗಳು ಹೋದವು, ಎದುರಾಳಿ ಮೂತಿಗೆ ಅಡ್ಡ ಬಂದ, ಅದರಿಂದ ಬಾವುಟ ಇಳಿಯಿತು. ವೈರಿಗಳಿಬ್ಬರೂ ಒಪ್ಪುವ ಸಂಗತಿಯನ್ನು ಚಿತ್ರವೂ ಹೇಳುತ್ತಿದ್ದರೆ, ಅಲ್ಲಿಯಷ್ಟಕ್ಕೆ ಅದನ್ನು ನಂಬದಿರಲು ಕಾರಣವಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಪೊಕಾಕ್ ಕಾಳಗವನ್ನು ಕಣ್ಣಾರೆ ಕಂಡವನಲ್ಲ, ಚಿತ್ರ ಅಚ್ಚಾಗುವಾಗ ಅವನಿಗೆ ಎಪ್ಪತ್ತು ದಾಟಿತ್ತು. ಕಾಣದ್ದನ್ನು ಬರೆದವನ ಮಾತಿಗೆ ಬೆಲೆ ಏನು? ಆದರೆ ಅವನು ಯಾರೆಂಬುದನ್ನು ನೋಡಬೇಕು. 1740ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಪೊಕಾಕ್ ಕುಂಚ ಹಿಡಿದು ಬದುಕುವ ಮುನ್ನ ವ್ಯಾಪಾರದ ಹಡಗುಗಳ ನಾಯಕನಾಗಿದ್ದ. ತನ್ನ ಹಡಗಿನ ದಿನಚರಿ ಪುಸ್ತಕದ ಪುಟಗಳಲ್ಲೇ ಅಂದಂದಿನ ಹಡಗಿನ ಚಿತ್ರ ಬರೆದಿಡುತ್ತಿದ್ದ. 1794ರ ಜೂನ್ 1ರಂದು ಫ್ರೆಂಚರೊಂದಿಗೆ ನಡೆದ ದೊಡ್ಡ ಕಾಳಗದಲ್ಲಿ ‘ಪೆಗಾಸಸ್’ ಎಂಬ ಹಡಗಿನ ಮೇಲಿದ್ದು, ಯಾವ ಹಡಗು ಎಲ್ಲಿತ್ತೆಂದು ಗುರುತು ಹಾಕಿಕೊಂಡಿದ್ದ. ಗಾಳಿ ಯಾವ ಕಡೆಯಿಂದ ಬೀಸಿದರೆ ಯಾವ ಹಾಯಿ ಹೇಗೆ ಉಬ್ಬುತ್ತದೆ, ಯಾವ ಹಗ್ಗ ಕಡಿದರೆ ಯಾವ ಮರ ಯಾವ ಕಡೆಗೆ ಬೀಳುತ್ತದೆ ಎಂಬುದು ಅವನ ಮೈಗೆ ಹತ್ತಿದ ವಿದ್ಯೆ. ಕಂಡವನ ನಕಾಶೆ, ಕಸುಬು ಬಲ್ಲವನ ಕೈ ಎರಡೂ ಕೂಡಿದಾಗ ಹುಟ್ಟಿದ ಚಿತ್ರವನ್ನು ಮನೆಯಲ್ಲಿ ಕುಳಿತು ಊಹಿಸಿದ ಚಿತ್ರದ ಸಾಲಿಗೆ ಸೇರಿಸಲಾಗದು. ಗಾಳಿಯೂ ಹಡಗುಗಳ ಕೋನವೂ ಬರಹದಲ್ಲಿ ಹತ್ತು ಸಾಲು ಓದಿದರೂ ತಲೆಗೆ ಹತ್ತುವುದಿಲ್ಲ. ಚಿತ್ರದಲ್ಲಿ ಒಂದೇ ನೋಟಕ್ಕೆ ಸಿಗುತ್ತವೆ.

ಹಾಗೆಂದು ಈ ಸಾಕ್ಷಿ ಮುಚ್ಚಿಟ್ಟದ್ದನ್ನು ಹೇಳದೆ ಬಿಡುವಂತಿಲ್ಲ. ಮನುಷ್ಯರ ನೋವು ಈ ಹಾಳೆಗಳಲ್ಲಿ ಇಲ್ಲ. ನೂರಕ್ಕೂ ಹೆಚ್ಚು ಜನ ಗಾಯಗೊಂಡ ಹಡಗನ್ನು ಇಷ್ಟು ದೂರದಿಂದ ತೋರಿಸಿದಾಗ ರಕ್ತ ಕಾಣುವುದಿಲ್ಲ, ಮರದ ಮೈ ಮಾತ್ರ ಕಾಣುತ್ತದೆ. ಸಮುದ್ರಚಿತ್ರದ ರೂಢಿಯೇ ಹಾಗಿತ್ತು ಎನ್ನುವುದು ವಿವರಣೆಯಾದೀತೇ ಹೊರತು ಸಮಾಧಾನವಲ್ಲ. ಸೋಲಿನ ನಿಜವಾದ ಕಾರಣಗಳೂ ಇಲ್ಲಿಲ್ಲ. ಕಾನ್‌ಸ್ಟಿಟ್ಯೂಷನ್ನಿನ ಮುಖ್ಯ ತೋಪುಗಳು 24 ಪೌಂಡಿನ ಗುಂಡು ಹಾರಿಸುವಂಥವು, ಜಾವಾದವು 18 ಪೌಂಡಿನವು. ಅಮೆರಿಕದ ಹಡಗಿನ ಓಕ್ ಮರದ ಮೈಯೂ ದಪ್ಪ. ಅದಕ್ಕಿಂತ ಮುಖ್ಯವಾಗಿ, ಜಾವಾದ ನಾವಿಕರಲ್ಲಿ ಹೆಚ್ಚಿನವರು ಹೊಸಬರು. ಕಾಳಗದ ಹಿಂದಿನ ದಿನ ಗುಂಡಿಲ್ಲದೆ ಬರೀ ಮದ್ದಿನಿಂದ ಆರು ಸಲ ಹಾರಿಸಿದ್ದೇ ಅವರ ತೋಪಿನ ಅಭ್ಯಾಸ ಎಂದು ಬ್ರಿಟಿಷ್ ಇತಿಹಾಸಕಾರ ವಿಲಿಯಂ ಜೇಮ್ಸ್ ಬರೆದಿದ್ದಾನೆ. ಚಿತ್ರ ಇದನ್ನು ಹೇಳದಿರುವುದು ಆಕಸ್ಮಿಕವಲ್ಲ. ಮರ ಮುರಿದದ್ದನ್ನು ತೋರಿಸಿದರೆ ದೋಷ ವಿಧಿಯ ಮೇಲೆ ಹೋಗುತ್ತದೆ, ತರಬೇತಿಯಿಲ್ಲದ್ದನ್ನು ತೋರಿಸಿದರೆ ಕಳುಹಿಸಿದವರ ಮೇಲೆ. ಸಾಕ್ಷಿ ಹೇಳಿದ್ದು ನಿಜವೇ. ಕೇಳದ ಪ್ರಶ್ನೆಗೆ ಬಾಯಿ ಬಿಡಲಿಲ್ಲ.

ಈ ಮೌನಗಳಲ್ಲಿ ನಮಗೆ ಸೇರಿದ್ದೊಂದಿದೆ. ಬ್ರೆಜಿಲ್ ಸಮುದ್ರದಲ್ಲಿ ಇಬ್ಬರು ಪರದೇಶಿಗಳು ಕಾದಿದರೆ ನಮಗೇನು ಎಂದು ಕೇಳುವವರಿಗೂ ಇದೇ ಉತ್ತರ. ಜಾವಾದ ಒಡಲಲ್ಲಿ ಏನಿತ್ತೆಂದು ಬೈನ್‌ಬ್ರಿಜ್ ತನ್ನ ಸರಕಾರಕ್ಕೆ ಬರೆದ ಪತ್ರದಲ್ಲಿದೆ: ಮುಂಬಯಿ ಸೇನೆಯ ನಾಯಕತ್ವ ವಹಿಸಿಕೊಳ್ಳಲು ಹೊರಟಿದ್ದ ಲೆಫ್ಟಿನೆಂಟ್ ಜನರಲ್ ಥಾಮಸ್ ಹಿಸ್ಲಪ್, ಪೂರ್ವ ಸಮುದ್ರದ ಬ್ರಿಟಿಷ್ ಹಡಗುಗಳಿಗೆ ಸೇರಬೇಕಿದ್ದ ನೂರಕ್ಕೂ ಹೆಚ್ಚು ಅಧಿಕಾರಿಗಳು ಮತ್ತು ನಾವಿಕರು, ಮುಂಬಯಿಯಲ್ಲಿ ಕಟ್ಟುತ್ತಿದ್ದ 74 ತೋಪುಗಳ ಒಂದು ಹಡಗಿಗಾಗಿ ತಾಮ್ರ. ಆ ಹಡಗಿನ ಹೆಸರು ‘ಕಾರ್ನ್‌ವಾಲಿಸ್’. ಕಟ್ಟುತ್ತಿದ್ದವನು ಪಾರಸಿ ವಾಡಿಯಾ ಮನೆತನದ ಜಮ್‌ಶೆಟ್‌ಜಿ ಬೊಮನ್‌ಜಿ. ಮುಂಬಯಿ ಹಡಗುಕಟ್ಟೆಗೆ ತೇಗ ಒದಗಿಸುತ್ತಿದ್ದದ್ದು ಮಲಬಾರ್ ಮತ್ತು ಕೆನರಾದ ಘಟ್ಟದ ಕಾಡುಗಳು. ಮರ ನಮ್ಮದಾದರೂ ನೀರಿನೊಳಗೆ ಮರ ಕೊರೆಯುವ ಹುಳುವಿನಿಂದ ಅದನ್ನು ಕಾಯಲು ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಬೇಕು, ಆ ತಗಡು ಇಂಗ್ಲೆಂಡಿನಿಂದ ಬರಬೇಕು. ಅಧಿಕಾರಿಗಳ ಸಾಮಾನು ಬಿಟ್ಟು ಉಳಿದದ್ದೆಲ್ಲ ಹಡಗಿನೊಂದಿಗೇ ಸಿಡಿದುಹೋಯಿತು ಎಂದೂ ಬೈನ್‌ಬ್ರಿಜ್ ಬರೆದಿದ್ದಾನೆ. ಹಾಗಾಗಿ ನಾಲ್ಕನೆಯ ಹಾಳೆಯಲ್ಲಿ ಉರಿಯುತ್ತಿರುವುದು ಕೇವಲ ಒಂದು ಫ್ರಿಗೇಟಲ್ಲ, ಭಾರತವನ್ನು ಹಿಡಿದಿಟ್ಟುಕೊಳ್ಳುವ ಕೆಲಸಕ್ಕೆ ಹೊರಟಿದ್ದ ಒಂದು ಸಾಮಾನಿನ ಹೊರೆ. ತಾಮ್ರದ ತಗಡಿನಿಂದ ಅಚ್ಚಾದ ಆ ಚಿತ್ರದಲ್ಲಿ ಒಡಲೊಳಗಿನ ತಾಮ್ರ ಎಲ್ಲೂ ಇಲ್ಲ. ಲಂಡನ್ನಿನ ಗಿರಾಕಿಗೆ ಜಾವಾ ಎಂದರೆ ಮಾನದ ಪ್ರಶ್ನೆ. ಆ ಹಡಗು ಎಲ್ಲಿಗೆ, ಏಕೆ ಹೊರಟಿತ್ತು ಎಂಬುದನ್ನು ಪ್ರಶ್ನೆಯೆಂದು ಅವನು ಭಾವಿಸಲೇ ಇಲ್ಲ. ಆ ಪ್ರಶ್ನೆಯನ್ನು ನಾವು ಕೇಳಬೇಕು.

ಮುಂದಿನ ಸಂಗತಿಗಳು ದಾಖಲೆಯಲ್ಲಿವೆ. ಸೆರೆಯಿಂದ ಬಿಡುಗಡೆಯಾದ ಹಿಸ್ಲಪ್ ಭಾರತಕ್ಕೆ ಬಂದ. ಮದರಾಸು ಸೇನೆಯ ಮುಖ್ಯಸ್ಥನಾಗಿ 1817ರ ಡಿಸೆಂಬರ್ 21ರಂದು ಮಹಿದ್‌ಪುರದಲ್ಲಿ ಹೋಳ್ಕರರ ಸೈನ್ಯವನ್ನು ಸೋಲಿಸಿದ. ಬಾವುಟ ಇಳಿಸಿದ ಚಾಡ್ಸ್ 1845ರಲ್ಲಿ ‘ಎಕ್ಸಲೆಂಟ್’ ಹಡಗಿನ, ಅಂದರೆ ಬ್ರಿಟಿಷ್ ನೌಕಾದಳದ ತೋಪು ತರಬೇತಿ ಶಾಲೆಯ, ನಾಯಕನಾದ. ಮುಂಬಯಿಯ ಕಾರ್ನ್‌ವಾಲಿಸ್ 1813ರ ಮೇ ತಿಂಗಳಲ್ಲಿ ನೀರಿಗಿಳಿಯಿತು. 1842ರ ಆಗಸ್ಟ್ 29ರಂದು ಚೀನಾ ಬ್ರಿಟನ್ನಿಗೆ ತಲೆಬಾಗಿ ಹಾಂಗ್‌ಕಾಂಗ್ ಬಿಟ್ಟುಕೊಟ್ಟ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ತೇಗದ ಹಡಗಿನ ಮೇಲೆಯೇ. ಆ ದೃಶ್ಯವನ್ನೂ ಜಾನ್ ಪ್ಲಾಟ್ ಎಂಬ ಸೇನಾಧಿಕಾರಿ ಬರೆದ, ಅದೂ 1846ರಲ್ಲಿ ಅಚ್ಚಾಗಿ ಲಂಡನ್ನಿನಲ್ಲಿ ಮಾರಾಟವಾಯಿತು.